ಗುಳ್ಳೆಯಲ್ಲಿ ಕುಣಿದ ಮೀನು

ಊರಿನ ಹೇಲು ಹೊಳೆಗೆ ಹೋಗುವ ಮುಂಚೆ ಮೀನಕ್ಕನ ಮುಂದೆ ಹಾದು ಹೋಗಬೇಕು. ಬಡವರದ್ದು, ಸಾಹುಕಾರರದ್ದು, ಸಾಹೇಬರದ್ದು, ಎಲ್ಲ ಒಂದೇ ಬಣ್ಣ. ಕಾಲುವೆಗೆ ಅಡ್ಡವಾಗಿ ಕಬ್ಬಿಣದ ಸರಳು ನಿಲ್ಲಿಸಿದ್ದಾರೆ. ಅದಕ್ಕೆ ಸಿಕ್ಕಿಕೊಂಡದ್ದನ್ನು ಅವಳು ಉದ್ದ ಕೋಲಿನಿಂದ ಕೆರೆದು ಮೇಲಕ್ಕೆ ಎಳೆಯಬೇಕು. ಚಿಂದಿ ಬಟ್ಟೆ, ಕೂದಲ ಉಂಡೆ, ಪ್ಲಾಸ್ಟಿಕ್ಕು, ಮಕ್ಕಳ ಡೈಪರು, ಮುಟ್ಟಿನ ಪ್ಯಾಡು. ಒಂದು ಸಲ ಹಲ್ಲುಸೆಟ್ಟು ಬಂದಿತ್ತು. ಕೊಳಚೆ ಶುದ್ಧಿ ಮಾಡುವ ಘಟಕದ ಆಪರೇಟರ್ ಅದನ್ನು ತೊಳೆದು ಕಿಟಕಿಯಲ್ಲಿ ಇಟ್ಟ. ಯಾರೂ ಕೇಳಿಕೊಂಡು ಬರಲಿಲ್ಲ. ಬಾಯಿಂದ ಬಿದ್ದದ್ದು ಎಲ್ಲಿಗೆ ಹೋಯಿತು ಅಂತ ಯೋಚನೆ ಮಾಡುವ ಊರೇ ಅಲ್ಲ ಅದು.

ಕೆರೆದದ್ದನ್ನು ಮೂಟೆ ಕಟ್ಟಬೇಕು. ಮೂಟೆಯನ್ನು ಬೆನ್ನ ಮೇಲೆ ಹೊತ್ತು ಶೆಡ್ಡಿನ ಹಿಂದೆ ಹಾಕಬೇಕು. ಬೆನ್ನ ಮೇಲೆ ಸೋರುತ್ತದೆ. ಬ್ಲೌಸು ಒದ್ದೆಯಾಗುತ್ತದೆ, ಒಣಗುತ್ತದೆ, ಮತ್ತೆ ಒದ್ದೆಯಾಗುತ್ತದೆ. ಲಾರಿ ಬಂದು ಮೂಟೆ ಒಯ್ಯುತ್ತದೆ ಅಂತ ಮಾತು. ಲಾರಿ ಬಂದದ್ದನ್ನು ಮೀನಕ್ಕ ಕಂಡಿಲ್ಲ. ಶೆಡ್ಡಿನ ಹಿಂದೆ ಮೂಟೆಗಳದ್ದೇ ಒಂದು ಗುಡ್ಡ ಎದ್ದಿದೆ.

ಪೇಟೆಗೆ ಹೋಗಲು ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಮೂಗಿಗೆ ಸೆರಗು, ಕರ್ಚೀಫು, ಕೈಗೆ ಸಿಕ್ಕಿದ್ದು. ಮೀನಕ್ಕ ಖಾಲಿ ಸೀಟಿನ ಮೇಲೆ ಕಾಲು ಚಾಚಿ ಕೂರುತ್ತಾಳೆ. "ನಿಮ್ಮದೇ ವಾಸನೆ ಕಣ್ರಪ್ಪಾ, ನಂದಲ್ಲ. ಗುರುತು ಸಿಗಲಿಲ್ವಾ?" ಅಂತಾಳೆ. ಕಂಡಕ್ಟರು ಮಾತ್ರ ನಗುತ್ತಾನೆ.

ಸರಳಿನ ಆಚೆ ಏನಾಗಬೇಕು ಅನ್ನುವುದನ್ನು ಗೇಟಿನ ಗೋಡೆ ಮೇಲೆ ಚಿತ್ರ ಬರೆಸಿದ್ದಾರೆ. ಕೊಳಚೆ ದೊಡ್ಡ ತೊಟ್ಟಿಗೆ ಹೋಗುತ್ತದೆ. ಮೆಷಿನ್ನು ತಳದಿಂದ ಗಾಳಿ ಊದುತ್ತದೆ. ಗಾಳಿ ಸಿಕ್ಕರೆ ನೀರಿನೊಳಗಿನ ಕಣ್ಣಿಗೆ ಕಾಣದ ಹುಳಗಳು ಕೊಳೆಯನ್ನು ತಿಂದು ತಳ ಸೇರುತ್ತವೆ. ಮೇಲಿನ ತಿಳಿನೀರು ಹೊಳೆಗೆ. ಚಿತ್ರದಲ್ಲಿ ಹೊಳೆ ನೀಲಿ. ದಡದಲ್ಲೊಂದು ಜಿಂಕೆ ನೀರು ಕುಡಿಯುತ್ತಿದೆ. ಜಿಂಕೆಯಂತೆ! ಆ ದಡದಲ್ಲಿ ಈಗ ಹಂದಿಯೂ ನಿಲ್ಲುವುದಿಲ್ಲ.

ನಿಜಕ್ಕೂ ಆಗುವುದೇ ಬೇರೆ. ಸರಳು ದಾಟಿದ ಕೊಳಚೆ ತೊಟ್ಟಿಯ ಕಡೆ ಹೋಗುವುದೇ ಇಲ್ಲ. ಪಕ್ಕದ ಕಳ್ಳಗೇಟು ಸದಾ ತೆರೆದಿರುತ್ತದೆ. ಅಲ್ಲಿಂದ ದಪ್ಪ ಪೈಪು ನೆಲದೊಳಗೆ ಇಳಿದು, ಕೆಳಗಿನ ಕೇರಿಯ ಮಗ್ಗುಲಲ್ಲಿ ಹೊಳೆಗೆ ಬಾಯಿ ಬಿಡುತ್ತದೆ. ಬಂದದ್ದು ಬಂದ ಹಾಗೆ ಹೋಗುತ್ತದೆ. ಗಾಳಿ ಮೆಷಿನ್ನು ನೋಡಿಕೊಳ್ಳಲು ಇಟ್ಟ ಆಪರೇಟರ್‌ಗೆ ಕೆಲಸವೇ ಇಲ್ಲ. ಮೆಷಿನ್ನಿನ ಮೇಲೆ ಒಗೆದ ಅಂಗಿ ಒಣಹಾಕುತ್ತಾನೆ.

"ಮೆಷಿನ್ ಓಡಲ್ಲ ಮೀನಕ್ಕಾ, ಅದರ ಕರೆಂಟಿನ ದುಡ್ಡು ಮಾತ್ರ ಓಡುತ್ತೆ," ಅಂತಾನೆ ಅವನು. "ಎಲ್ಲಿಗೆ ಅಂತ ಕೇಳಬೇಡ. ಮ್ಯಾನೇಜರ್ ಹೊಟ್ಟೆ ನೋಡು, ಸಾಕು."

ಹೊಟ್ಟೆಯೇನೋ ಚೆನ್ನಾಗಿಯೇ ಇತ್ತು. ಮ್ಯಾನೇಜರ್ ಬರುವ ಮುಂಚೆ ಅದು ಬರುತ್ತಿತ್ತು.

ಇಂಥ ಜಾಗದಲ್ಲಿ ಮೀನಕ್ಕನಿಗೆ ಆ ಹೆಸರು ಯಾಕೆ ಬಂತು ಅಂದರೆ, ಅಲ್ಲೊಂದು ಗಾಜಿನ ತೊಟ್ಟಿಯಿತ್ತು. ಆಫೀಸಿನ ಮುಂಬಾಗಿಲು ದಾಟಿದರೆ ಎದುರಿಗೇ. ಒಳಗೆ ನೀಲಿ ಲೈಟು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಸಣ್ಣ ಪೈಪು. ಕೆಂಪು ಮೀನುಗಳು. ಗಾಜಿನ ಮೇಲೆ ಚೀಟಿ: 'ಇದು ನಮ್ಮಲ್ಲಿ ಶುದ್ಧೀಕರಿಸಿದ ನೀರು.' ನೋಡಲು ಬಂದವರಿಗೆ ಮ್ಯಾನೇಜರ್ ಹೊರಗಿನ ದೊಡ್ಡ ತೊಟ್ಟಿಯೊಳಗೆ ನೀರು ಹೇಗೆ ಹೋಗುತ್ತದೆ, ಹುಳ ಹೇಗೆ ತಿನ್ನುತ್ತದೆ ಅಂತೆಲ್ಲ ಹೇಳುತ್ತಿರಲಿಲ್ಲ. ನೆಟ್ಟಗೆ ಈ ಗಾಜಿನ ಮುಂದೆ ತಂದು ನಿಲ್ಲಿಸುತ್ತಿದ್ದ. "ಮೀನು ಬದುಕಿದೆ. ಇನ್ನೇನು ಸಾಕ್ಷಿ ಬೇಕು?" ಅಂತಿದ್ದ. ಬಂದವರು ಬಗ್ಗಿ ನೋಡಿ, ಮೀನಿಗೆ ಬೆರಳಾಡಿಸಿ, ಟೀ ಕುಡಿದು ಹೋಗುತ್ತಿದ್ದರು. ಓದಿದವರ ಕಿವಿ ಮೇಲೆ ಹೂವಿಡುವುದು ಎಷ್ಟು ಸುಲಭ ಅಂತ ಮೀನಕ್ಕ ಕಂಡುಕೊಂಡದ್ದು ಅಲ್ಲೇ.

ಆ ನೀರು ಅಲ್ಲಿಯದಲ್ಲ. ಶುರುವಿನಲ್ಲಿ ಘಟಕದ ನೀರನ್ನೇ ತುಂಬಿಸಿದ್ದರು. ಮೀನುಗಳು ಒಂದು ಸುತ್ತು ಹಾಕಿ ಸತ್ತವು. ಆಮೇಲೆ ನಲ್ಲಿ ನೀರು ತುಂಬಿಸಿದರು. ಅದರೊಳಗಿನ ಔಷಧಿಗೆ ಮತ್ತೆ ಸತ್ತವು. ಅಂಗಡಿಯಿಂದ ಬಾಟಲಿ ನೀರು ತರಿಸಿ ಸುರಿದರು. ಆಗಲೂ ಅದೇ ಕತೆ. ಮ್ಯಾನೇಜರ್ ತಲೆ ಕೆಟ್ಟು ಓಡಾಡಿದ. ಕಡೆಗೊಂದು ದಿನ ಮೀನಕ್ಕನನ್ನು ಕರೆದ.

"ಏಯ್, ನಿಮ್ಮ ಕೇರಿಯಲ್ಲಿ ಬಾವಿ ಇದೆಯಲ್ಲ? ಒಂದು ಕೊಡ ತಗೊಂಡು ಬಾ."

ತಂದಳು. ಮೀನುಗಳು ಬದುಕಿದವು. ಬಾಲ ಅಲ್ಲಾಡಿಸಿಕೊಂಡು ಹಾಯಾಗಿ ಇದ್ದವು. ಅವತ್ತಿನಿಂದ ದಿನ ಬೆಳಗಾದರೆ ತಲೆ ಮೇಲೆ ಒಂದು ಕೊಡ ಬಾವಿ ನೀರು ಹೊತ್ತು ಏರಿ ಹತ್ತುವುದು ಅವಳ ಕೆಲಸವಾಯಿತು. ಹಳೇ ನೀರು ಸ್ವಲ್ಪ ತೆಗೆದು ಹೊಸದು ಸುರಿಯುವುದು. ಎಲ್ಲಾದರೂ ಒಂದು ಸತ್ತಿದ್ದರೆ ಪೇಟೆಯ ಅಂಗಡಿಯಿಂದ ಬದಲಿ ತಂದು ಬಿಡುವುದು. ಆಪರೇಟರ್ ಅವಳಿಗೆ ಮೀನಕ್ಕ ಅಂತ ಹೆಸರಿಟ್ಟ. ಎಲ್ಲರ ಬಾಯಲ್ಲೂ ಅದೇ ನಿಂತಿತು.

ಬಾವಿ ಯಾರದ್ದು ಅಂತ ಹೇಳಬೇಕು. ಕೆಳಗಿನ ಕೇರಿಯವರೇ ತೋಡಿದ್ದು. ಅವಳ ಅಪ್ಪ ಕಲ್ಲು ಕಟ್ಟಿದವರಲ್ಲಿ ಒಬ್ಬ. ಹೊಳೆ ದಡದ ಮರಳಲ್ಲಿ ಸೋಸಿಕೊಂಡು ಬರುವ ನೀರು. ಹೊಳೆ ಕಪ್ಪಾದರೂ ಬಾವಿ ಕೆಟ್ಟಿರಲಿಲ್ಲ. ಮೇಲಿನವರು ಕೇರಿಗೆ ನಲ್ಲಿ ಹಾಕಿರಲಿಲ್ಲ. "ನಿಮಗೆ ಹೊಳೆ ಇದೆಯಲ್ಲ" ಅಂದಿದ್ದರು. ಇಡೀ ಕೇರಿಯ ಕುಡಿಯುವ ನೀರು ಅದೊಂದೇ.

ಅದೇ ಮ್ಯಾನೇಜರ್ ಅವಳು ಮುಟ್ಟಿದ ಲೋಟದಲ್ಲಿ ನೀರು ಕುಡಿಯುವವನಲ್ಲ. ಅವಳ ಟೀಗೆ ಹಿತ್ತಲ ನಲ್ಲಿಯ ಪಕ್ಕ ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಮಗ್ಗು. ಒಳಗೆ ಬರುವಾಗ ಹಿಂಬಾಗಿಲು. ಕುರ್ಚಿ ಒರೆಸಬಹುದು, ಕೂರಬಾರದು. ಮೀನಿಗೆ ಮಾತ್ರ ಅವಳ ಕೇರಿಯ ನೀರು ನಡೆಯುತ್ತಿತ್ತು. ಆ ಮೀನಿನ ಹಿಂದೆ ಅವನ ನೌಕರಿ ನಿಂತಿತ್ತು ನೋಡಿ, ಆಗ ಮೈಲಿಗೆ ಗೀಲಿಗೆ ಏನೂ ಇಲ್ಲ.

ಮೀನಕ್ಕನಿಗೆ ಇದರಲ್ಲಿ ಒಂದು ಥರದ ಜಂಬವೂ ಇತ್ತು, ಸುಳ್ಳು ಯಾಕೆ. ಮನೆಗೆ ಬಂದು ಅವ್ವನ ಮುಂದೆ ನಗುತ್ತಿದ್ದಳು. "ನಮ್ಮ ಬಾವಿಗೆ ಸಾಹೇಬರೆಲ್ಲ ಬಗ್ಗಿ ಬಗ್ಗಿ ನಮಸ್ಕಾರ ಮಾಡ್ತಾರೆ ಅವ್ವಾ."

ಅವ್ವ ನಗುತ್ತಿರಲಿಲ್ಲ. ಅವಳ ಕಾಲಿನ ತುಂಬ ಹುಣ್ಣು. ಹೊಳೆಯಲ್ಲಿ ಮೀನಿದ್ದ ಕಾಲಕ್ಕೆ ಬಲೆ ಹಾಕಿದ ಕಾಲುಗಳು. "ಹೊಳೆಯಲ್ಲಿ ಒಂದು ಮೀನಿಲ್ಲ. ಗಾಜಲ್ಲಿ ಸಾಕ್ತಾವ್ರಂತೆ. ಬಿಡು ಬಿಡು," ಅನ್ನುತ್ತಿದ್ದಳು.

ಕೇರಿಯ ಟೈಲರಮ್ಮ ಒಬ್ಬಳು ಸುಮ್ಮನಿರಲಿಲ್ಲ. ಹೊಳೆಗೆ ಕೊಳಚೆ ಬಿಡುತ್ತಿದ್ದಾರೆ ಅಂತ ಮೇಲಿನವರಿಗೆ ಅರ್ಜಿ ಹಾಕಿದಳು, ಮತ್ತೆ ಹಾಕಿದಳು, ಎದುರಿಗೆ ಹೋಗಿ ಜಗಳ ಮಾಡಿದಳು. ಕಡೆಗೆ ವಿಚಾರಣೆಗೆ ದೊಡ್ಡ ಸಾಹೇಬರು ಘಟಕಕ್ಕೇ ಬರುತ್ತಾರೆ ಅಂತಾಯಿತು. ಮ್ಯಾನೇಜರ್ ಮೀನಕ್ಕನನ್ನು ಕರೆದು ಹಲ್ಲು ಗಿಂಜಿದ.

"ನೀನು ಆ ಕೇರಿಯವಳೇ. ಸಾಹೇಬರು ಕೇಳಿದರೆ ಹೇಳು, ಹೊಳೆ ಕೆಡಿಸೋದು ಕೇರಿ ಜನಾನೇ ಅಂತ. ದಡದಲ್ಲಿ ಕೂರ್ತಾರೆ, ಬಟ್ಟೆ ಒಗೀತಾರೆ, ಕಸ ಹಾಕ್ತಾರೆ. ಅಷ್ಟೇ. ನಿನ್ನ ಕೆಲಸ ಪರ್ಮನೆಂಟ್ ಮಾಡಿಸ್ತೀನಿ."

"ಆಯ್ತು ಸಾರ್" ಅಂದಳೋ ಇಲ್ಲವೋ, ಅವಳಿಗೇ ನೆನಪಿಲ್ಲ. ತಲೆಯಾಡಿಸಿದ್ದಂತೂ ನಿಜ. ಆ ವಾರವೆಲ್ಲ ಅವ್ವನಿಗೆ ಭೇದಿ. ಪಕ್ಕದ ಮನೆಯ ಕೂಸಿಗೂ. ರಾತ್ರಿಯೆಲ್ಲ ನಿದ್ದೆಯಿಲ್ಲ. "ಹಾಳುಮೂಳು ತಿಂತೀಯ, ನಾನು ಸಾಯಬೇಕು" ಅಂತ ಅವ್ವನನ್ನೇ ಬೈದಿದ್ದಳು. ಮುದುಕಿ ಗೋಡೆ ಕಡೆ ತಿರುಗಿ ಮಲಗಿತ್ತು. ಅವಳು ಬೈದುಕೊಂಡೇ ಬಾವಿಯಿಂದ ಒಂದು ಚೊಂಬು ನೀರು ತಂದು ಅದರ ಬಾಯಿಗೆ ಹಿಡಿದಿದ್ದಳು.

ಸಾಹೇಬರು ಬರುವ ದಿನ ಬೆಳಿಗ್ಗೆ ಮ್ಯಾನೇಜರ್ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಅಂಗಳಕ್ಕೆ ಸೆಂಟು ಹೊಡೆಸಿದ. ಮೆಷಿನ್ನಿನ ಮೇಲಿನ ಅಂಗಿ ತೆಗೆಸಿದ. ಬೀರು ತೆರೆದು ಕೆಲಸದವರಿಗೆ ಗ್ಲೌಸು, ಬೂಟು, ಹಳದಿ ಟೋಪಿ ಹಂಚಿದ. ಗ್ಲೌಸಿನ ಚೀಟಿ ಇನ್ನೂ ಕಿತ್ತಿರಲಿಲ್ಲ. ಫೋಟೋ ತೆಗೆದ ಮೇಲೆ ವಾಪಸು ಕೊಡಬೇಕು. ಹಾಗಾಗಿ ಕೊಳಚೆಗೆ ತಾಗಿಸಬಾರದು ಅಂತ ಕಟ್ಟಪ್ಪಣೆ. ಕೊಳಚೆ ಎಳೆಯುವಾಗ ಬರಿಗೈ, ಫೋಟೋಗೆ ನಿಲ್ಲುವಾಗ ಗ್ಲೌಸು. ಇಂಥ ಬುದ್ಧಿ ಹುಟ್ಟಬೇಕಾದರೆ ದೊಡ್ಡ ದೊಡ್ಡ ಕಾಲೇಜೇ ಬೇಕು.

ಮೀನಕ್ಕ ಬಾವಿ ನೀರು ತಂದು ಗಾಜಿನ ತೊಟ್ಟಿ ತೊಳೆದು ಪೂರ್ತಿ ಹೊಸ ನೀರು ತುಂಬಿದಳು. ಪೇಟೆಯಿಂದ ಹಿಂದಿನ ದಿನ ತಂದಿಟ್ಟಿದ್ದ ಚೀಲದಲ್ಲಿದ್ದ ಹೊಸ ಮೀನುಗಳನ್ನೂ ಬಿಟ್ಟಳು. ಎರಡನ್ನು ಮಾತ್ರ ಚೀಲದಲ್ಲೇ ಇಟ್ಟುಕೊಂಡಳು, ಬದಲಿಗೆ ಇರಲಿ ಅಂತ. ಚೀಲವನ್ನು ಹಿತ್ತಲ ಮೊಳೆಗೆ ತೂಗುಹಾಕಿ ಸರಳು ಕೆರೆಯಲು ಹೋದಳು.

ಸ್ವಲ್ಪ ಹೊತ್ತಿಗೆ ಆಪರೇಟರ್ ಓಡಿ ಬಂದ. "ಮೀನಕ್ಕಾ, ನಿನ್ನ ಮಕ್ಕಳು ಮಲಗಿಬಿಟ್ಟಿವೆ ಬಾ."

"ತಮಾಷೆ ಮಾಡಬೇಡ ಕಣೋ, ಇವತ್ತೊಂದು ದಿನ."

"ನಿನ್ನಾಣೆ. ಬಂದು ನೋಡು."

ತೊಟ್ಟಿಯ ಮೀನೆಲ್ಲ ಓರೆಯಾಗಿ ತೇಲುತ್ತಿದ್ದವು. ಕೆಲವು ಬಾಯಿ ಮೇಲೆ ಮಾಡಿ ಗಾಳಿ ಕಚ್ಚುತ್ತಿದ್ದವು. ಅವಳು ನೋಡುತ್ತಿದ್ದ ಹಾಗೆ ಅವೂ ನಿಂತವು. ಕೊಡ ತೊಳೆದ ಸೋಪು ಉಳಿದಿತ್ತೇನೋ ಅಂದುಕೊಂಡಳು. ಆದರೆ ಸೋಪು ಹಾಕಿಯೇ ಇರಲಿಲ್ಲ. ಕೊಡದ ತಳದಲ್ಲಿ ಇನ್ನೊಂದಿಷ್ಟು ಬಾವಿ ನೀರಿತ್ತು. ಅದನ್ನು ಮೂಸಿದಳು. ಮೂಗಿಗೆ ಏನೂ ಗೊತ್ತಾಗಲಿಲ್ಲ. ಹಗಲೆಲ್ಲ ಹೇಲು ಮೂಸುವ ಮೂಗಿಗೆ ಏನು ಗೊತ್ತಾದೀತು? ತನ್ನ ಟೀ ಮಗ್ಗು ತಂದು ಆ ನೀರು ಬಗ್ಗಿಸಿ, ಚೀಲದಿಂದ ಒಂದು ಮೀನು ತೆಗೆದು ಬಿಟ್ಟಳು. ಅದು ಮೇಲೆ ಬಂತು. ಬಾಯಿ ಬಿಟ್ಟಿತು. ವಾಲಿತು. ಚೀಲದಲ್ಲಿ ಅಂಗಡಿ ನೀರಲ್ಲಿದ್ದ ಇನ್ನೊಂದು ನೆಟ್ಟಗೆ ಈಜಾಡುತ್ತಿತ್ತು.

ಕೆಟ್ಟದ್ದು ಮೀನಲ್ಲ, ಬಾವಿ. ದಿನಾ ಸ್ವಲ್ಪವೇ ಬೆರೆಸಿದ್ದಕ್ಕೆ ಇಷ್ಟು ದಿನ ಗೊತ್ತಾಗಿರಲಿಲ್ಲ, ಇವತ್ತು ಪೂರ್ತಿ ಅದೇ ನೀರು. ಅವ್ವನ ಭೇದಿ. ಪಕ್ಕದ ಮನೆ ಕೂಸು. ರಾತ್ರಿ ತಾನೇ ಕೈಯಾರೆ ಹಿಡಿದ ಚೊಂಬು. ತಿಂದದ್ದಕ್ಕಲ್ಲ, ಕುಡಿದದ್ದಕ್ಕೆ ಮುದುಕಿ ಒದ್ದಾಡಿದ್ದು. ಅಯ್ಯೋ ಪಾಪಿ, ನೀನು ಬೈದೆಯಲ್ಲೇ ಅಂತ ತನಗೆ ತಾನೇ ಅಂದುಕೊಂಡಳು. ಸರಳಿನಿಂದ ದಿನಾ ದಾಟಿಸಿ ಬಿಟ್ಟದ್ದು ಮರಳೊಳಗೆ ಇಳಿದು, ಅಪ್ಪ ಕಟ್ಟಿದ ಕಲ್ಲಿನ ಸಂದಿಯಿಂದ ಬಾವಿಗೆ ಬಂದಿತ್ತು.

"ಓಡು," ಅಂದಳು ಆಪರೇಟರ್‌ಗೆ. "ಕೇರಿಗೆ ಹೋಗಿ ಹೇಳು. ಯಾರೂ ಬಾವಿ ನೀರು ಬಾಯಿಗೆ ಹಾಕಬಾರದು ಅಂತ. ಮೊದಲು ನಮ್ಮವ್ವನಿಗೆ ಹೇಳು."

ಅವನು ಓಡಿದ.

ಮ್ಯಾನೇಜರ್ ಬಂದ. ತೊಟ್ಟಿ ನೋಡಿದ. ಬೆವರಿದ. ಗೇಟಿನಲ್ಲಿ ಆಗಲೇ ಕಾರಿನ ಹಾರ್ನು. ಪೇಟೆಗೆ ಹೋಗಿ ಬರಲು ಹೊತ್ತಿಲ್ಲ.

"ಸಾರ್, ಬಾವಿ ಕೆಟ್ಟಿದೆ," ಅಂದಳು ಮೀನಕ್ಕ. "ಕೇರಿಯೆಲ್ಲ ಅದನ್ನೇ ಕುಡಿಯೋದು."

"ಬಾವಿ ಹಾಳಾಗಿ ಹೋಗಲಿ! ಮೀನಿಗೇನು ಮಾಡೋದೀಗ?"

ಈ ಮಾತನ್ನು ಅವನು ಹೊಟ್ಟೆಯಿಂದ ಹೇಳಿದ. ಇಷ್ಟು ಪ್ರಾಮಾಣಿಕವಾಗಿ ಅವನು ಮಾತಾಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಅವನ ತಲೆ ಓಡಿತು. ಗುಳ್ಳೆ ಬಿಡುವ ಪೈಪಿನ ತಿರುಗಣೆಯನ್ನು ಕೊನೆ ತನಕ ತಿರುಗಿಸಿದ. ಬುಳಬುಳ ಅಂತ ನೀರು ಕುದಿಯುವ ಹಾಗೆ ಗುಳ್ಳೆ ಎದ್ದಿತು. ಸತ್ತ ಮೀನುಗಳು ಎದ್ದು ಕುಣಿಯತೊಡಗಿದವು. ಮೇಲೆ ಹೋದವು, ಕೆಳಗೆ ಬಂದವು, ಪ್ಲಾಸ್ಟಿಕ್ ಗಿಡ ಸುತ್ತಿದವು, ಒಂದಕ್ಕೊಂದು ಡಿಕ್ಕಿ ಹೊಡೆದವು. ನೀಲಿ ಲೈಟು ಹಾಕಿದ. ದೂರದಿಂದ ನೋಡಿದರೆ ಬದುಕಿದ ಮೀನಿಗಿಂತ ಚುರುಕು.

"ಬಾಯಿ ಬಿಟ್ಟೀಯ, ಜೋಕೆ," ಅಂದ ಅವಳಿಗೆ. "ಗ್ಲೌಸು ಹಾಕ್ಕೊಂಡು ಅಲ್ಲಿ ನಿಂತ್ಕೊ."

ದೊಡ್ಡ ಸಾಹೇಬರು ಒಳಗೆ ಬಂದರು. ಕರ್ಚೀಫಿನಿಂದ ಕುರ್ಚಿ ಒರೆಸಿಕೊಂಡು ತೊಟ್ಟಿಯ ಪಕ್ಕವೇ ಕೂತರು. ಟೀ ಬಂತು. ತಟ್ಟೆಯಲ್ಲಿ ಬಿಸ್ಕತ್ತು ಬಂತು. ಟೈಲರಮ್ಮ ಮತ್ತು ಕೇರಿಯ ಕೆಲವು ಹೆಂಗಸರು ಬಾಗಿಲ ಹೊರಗೆ ನಿಂತರು. ಒಳಗೆ ಬನ್ನಿ ಅಂತ ಯಾರೂ ಕರೆಯಲಿಲ್ಲ. ಸಾಹೇಬರು ಕನ್ನಡಕ ಏರಿಸಿ ತೊಟ್ಟಿ ನೋಡಿದರು. ಮುಖ ಅರಳಿತು.

"ಆಹಾ! ಏನ್ ಚಟುವಟಿಕೆ ರೀ! ನಮ್ಮ ಮನೆ ಮೀನು ಇಷ್ಟು ಆಡೋದೇ ಇಲ್ಲ."

"ನೀರಿನ ಗುಣ ಸಾರ್," ಅಂದ ಮ್ಯಾನೇಜರ್.

ಹೆಣ ಕುಣಿಯುತ್ತಿತ್ತು, ಸಾಹೇಬರು ಬಿಸ್ಕತ್ತು ಕಡಿಯುತ್ತಿದ್ದರು. ಇಷ್ಟು ಹತ್ತಿರ ಕೂತು ಸತ್ತದ್ದಕ್ಕೂ ಬದುಕಿದ್ದಕ್ಕೂ ವ್ಯತ್ಯಾಸ ಕಾಣದ ಕಣ್ಣಿಗೆ ಕನ್ನಡಕ ಬೇರೆ ದಂಡ. ಸಾಹೇಬರು ಬಾಗಿಲ ಕಡೆ ತಿರುಗಿದರು.

"ನೋಡ್ರಮ್ಮಾ, ಇಲ್ಲಿಂದ ಹೋಗೋ ನೀರಲ್ಲಿ ಮೀನು ಆಡ್ತಾ ಇದೆ. ಹೊಳೆ ನಾರ್ತಾ ಇದೆ ಅಂದ್ರೆ ಅದು ನಿಮ್ಮ ಕೇರಿಯಿಂದ. ನಿಮ್ಮ ಅಭ್ಯಾಸ ಬದಲಾಯಿಸಿಕೊಳ್ಳಿ. ಸ್ವಚ್ಛವಾಗಿರೋದು ಕಲೀರಿ."

"ಪೈಪಿನ ಬಾಯಿ ಬಂದು ನೋಡಿ ಸಾರ್, ಇಲ್ಲೇ ಕೆಳಗಿದೆ," ಅಂದಳು ಟೈಲರಮ್ಮ. "ನಾಲ್ಕು ಹೆಜ್ಜೆ ಇಳೀರಿ."

ಸಾಹೇಬರು ತಮ್ಮ ಬೂಟು ನೋಡಿಕೊಂಡರು. "ಅದೆಲ್ಲ ಬೇಕಾಗಿಲ್ಲ."

"ಸಾರ್, ಅದೇ ಕೇರಿಯವಳು ನಮ್ಮಲ್ಲೇ ಕೆಲಸಕ್ಕಿದ್ದಾಳೆ," ಅಂದ ಮ್ಯಾನೇಜರ್, ಬೆಣ್ಣೆ ಹಚ್ಚಿದ ದನಿಯಲ್ಲಿ. "ಅವಳನ್ನೇ ಕೇಳಿ. ಹೇಳಮ್ಮಾ, ಹೊಳೆ ಯಾರು ಕೆಡಿಸೋದು?"

ಎಲ್ಲರೂ ಮೀನಕ್ಕನ ಕಡೆ ನೋಡಿದರು. ಟೈಲರಮ್ಮನ ಕಣ್ಣಲ್ಲಿ, ನೀನೂ ಅವರ ಕಡೆಯೇನೇ ಅನ್ನುವ ಪ್ರಶ್ನೆ. ಮೀನಕ್ಕ ಗ್ಲೌಸು ಬಿಚ್ಚಿದಳು. ಚೀಟಿ ಸಮೇತ ಮ್ಯಾನೇಜರ್ ಕೈಗೆ ಕೊಟ್ಟಳು. ತೊಟ್ಟಿಯ ಹಿಂದೆ ಕೈ ಹಾಕಿ ಗುಳ್ಳೆಯ ಸ್ವಿಚ್ಚು ಆರಿಸಿದಳು.

ಗುಳ್ಳೆ ನಿಂತಿತು. ಕುಣಿಯುತ್ತಿದ್ದ ಮೀನುಗಳು ನಿಧಾನ ಆದವು. ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ನಿಂತವು. ಸಾಹೇಬರ ಬಾಯಲ್ಲಿ ಬಿಸ್ಕತ್ತು ಹಾಗೇ ಉಳಿಯಿತು.

ಮೀನಕ್ಕ ಮೊಣಕೈ ತನಕ ಕೈ ಇಳಿಸಿ ಅವನ್ನೆಲ್ಲ ಬಾಚಿದಳು. ಸಾಹೇಬರ ಬಿಸ್ಕತ್ತಿನ ತಟ್ಟೆಯಲ್ಲಿ ಸುರಿದಳು. ಬಿಸ್ಕತ್ತು ಒದ್ದೆಯಾಗಿ ಕರಗಿತು.

"ಇದು ಇಲ್ಲಿಯ ನೀರಲ್ಲ ಸಾಹೇಬ್ರೇ. ಇಲ್ಲಿಯ ನೀರಲ್ಲಿ ಮೀನು ಒಂದು ಸುತ್ತೂ ಹಾಕಲ್ಲ. ಇದು ನಮ್ಮ ಕೇರಿ ಬಾವಿ ನೀರು. ನಾನೇ ತಲೆ ಮೇಲೆ ಹೊತ್ತು ತಂದು ಹಾಕ್ತಾ ಇದ್ದೆ. ನೀವು ಬಂದವರೆಲ್ಲ ಹೊಗಳಿ ಹೋಗಿದ್ದು ನಮ್ಮ ಬಾವೀನ. ಈಗ ಅದಕ್ಕೂ ನಿಮ್ಮ ಹೇಲು ಇಳಿದಿದೆ. ಮೀನು ಸತ್ತಿದೆ. ನಮ್ಮವ್ವ ಅದನ್ನೇ ಕುಡೀತಾಳೆ. ಮೆಷಿನ್ ಹಾಕ್ರಿ. ನಮಗೆ ಕುಡಿಯೋಕೆ ನೀರು ಕೊಡ್ರಿ. ಇಷ್ಟೇ ನನ್ನ ಸಾಕ್ಷಿ."

ಬಾಗಿಲಲ್ಲಿದ್ದ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಟೈಲರಮ್ಮನ ಮಗಳೂ ಆ ವಾರ ಸ್ಕೂಲಿಗೆ ಹೋಗಿರಲಿಲ್ಲ.

ಸಾಹೇಬರಿಗೆ ಏನು ಅನಿಸಬೇಕಿತ್ತು? ಮನುಷ್ಯರಾಗಿದ್ದರೆ ಏನಾದರೂ ಅನಿಸುತ್ತಿತ್ತು. ಅವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಛೀ ಛೀ! ತಟ್ಟೆಗೆ ಹಾಕ್ತಾಳಲ್ರೀ! ಮೊದಲು ತೆಗೆಸ್ರೀ ಇದನ್ನ!"

"ವಿಷ ಹಾಕಿದ್ದಾಳೆ ಸಾರ್!" ಅಂತ ಕೂಗಿದ ಮ್ಯಾನೇಜರ್. "ಕೇರಿಯವರ ಜೊತೆ ಸೇರಿಕೊಂಡು ಮೀನಿಗೆ ವಿಷ ಹಾಕಿದ್ದಾಳೆ! ಬೆಳಿಗ್ಗೆ ಎಲ್ಲ ಚೆನ್ನಾಗಿದ್ದವು."

"ಹಾಗೇ ಇರಬೇಕು," ಅಂದರು ಸಾಹೇಬರು. ಅವರಿಗೆ ಜೀವ ಬಂದ ಹಾಗಾಯಿತು. ಬಾವಿ ನೋಡಬೇಕಾಗಿಲ್ಲ, ಪೈಪು ನೋಡಬೇಕಾಗಿಲ್ಲ, ಬೂಟು ಕೊಳೆಯಾಗುವ ಗೋಜಿಲ್ಲ. "ಘಟಕದ ನೀರು ಶುದ್ಧವಾಗಿದೆ. ಮೀನು ಸತ್ತಿದ್ದು ಕೆಲಸದವಳ ಕಿತಾಪತಿ. ಹಾಗಂತ ಬರೆದುಬಿಡೋಣ." ಕಾರು ಹತ್ತಿ ಹೊರಟೇಹೋದರು. ತಿಪ್ಪೆ ಸಾರಿಸುವುದರಲ್ಲಿ ಅವರ ಕೈ ಎಂದೂ ನಡುಗಿದ್ದಿಲ್ಲ.

"ನಾಳೆಯಿಂದ ಬರಬೇಡ," ಅಂದ ಮ್ಯಾನೇಜರ್ ಅವಳಿಗೆ. "ಪೊಲೀಸಿಗೆ ಕೊಡದೆ ಬಿಟ್ಟಿದ್ದೀನಿ, ಅದೇ ಹೆಚ್ಚು. ಬೂಟು ಬಿಚ್ಚಿಟ್ಟು ಹೋಗು."

ಬೂಟು ಬಿಚ್ಚಿಟ್ಟಳು. ಮೊಳೆಗೆ ತೂಗುಹಾಕಿದ್ದ ಚೀಲ ತೆಗೆದುಕೊಂಡಳು. ಅದರಲ್ಲಿ ಆ ಒಂದು ಮೀನು ಇನ್ನೂ ಇತ್ತು. ಈ ಸಲ ಹಿಂಬಾಗಿಲಿಂದ ಹೋಗಲಿಲ್ಲ. ಮುಂಬಾಗಿಲಿಂದ, ಬರಿಗಾಲಲ್ಲಿ, ಒದ್ದೆ ಹೆಜ್ಜೆ ಮೂಡಿಸಿಕೊಂಡು ಹೋದಳು.

ಕೇರಿಯಲ್ಲಿ ಎಲ್ಲರೂ ಬಾವಿಯ ಸುತ್ತ ನಿಂತಿದ್ದರು. ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ. ಕೂಸುಗಳು ಬಾಯಾರಿ ಅಳುತ್ತಿದ್ದವು. ಅವ್ವ ಜಗಲಿಯ ಮೇಲೆ ಕೂತಿದ್ದಳು. ಮೀನಕ್ಕ ಹೋಗಿ ಅವಳ ಕಾಲ ಬಳಿ ಕುಸಿದಳು.

"ನಿನ್ನ ಬೈದುಬಿಟ್ಟೆ ಅವ್ವಾ."

"ಬೈದರೆ ಬೈದೆ. ಸತ್ತಿದ್ದೀನಾ?" ಅಂದಳು ಅವ್ವ. "ಅವರಿಗೆ ಏನು ಮಾಡ್ದೆ ಹೇಳು."

"ತಟ್ಟೆಗೆ ಮೀನು ಹಾಕಿದೆ."

"ಅಷ್ಟೇನಾ?"

ಅಷ್ಟೇನಾ! ಹುಣ್ಣುಕಾಲಿನ ಮುದುಕಿ ಕೇಳಿದ್ದು ನೋಡಿ. ಮೀನಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಅಷ್ಟು ಹೊತ್ತು ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಈಗ ಕೈಗೆ ಇಳಿಯಿತು. ಅವಳು ಎದ್ದು ನಿಂತಳು.

"ಶೆಡ್ಡಿನ ಹಿಂದೆ ನಾನು ಕಟ್ಟಿದ ಮೂಟೆಗಳಿವೆ," ಅಂದಳು. "ಎಲ್ಲ ಅವರ ಮನೆಯದ್ದೇ. ಅವರ ಚಿಂದಿ, ಅವರ ಡೈಪರು. ತಂದು ಪೈಪಿನ ಬಾಯಿಗೆ ತುರುಕೋಣ. ಅವರ ಮಾಲು ಅವರಿಗೇ ಮುಟ್ಟಲಿ."

ಮಧ್ಯಾಹ್ನದ ಬಿಸಿಲಲ್ಲಿ ಇಡೀ ಕೇರಿ ಏರಿ ಹತ್ತಿತು. ಗಂಡಸರು, ಹೆಂಗಸರು, ಎಲ್ಲ. ಬಸುರಿ ಹೆಂಗಸೊಬ್ಬಳು ಬೇಡ ಅಂದರೂ ಬಂದಳು. ಆಪರೇಟರ್ ಹಿಂದಿನ ಗೇಟು ತೆರೆದಿಟ್ಟು, ನಾನೇನೂ ನೋಡಿಲ್ಲಪ್ಪಾ ಅಂತ ಮುಖ ತಿರುಗಿಸಿ ಬೀಡಿ ಹಚ್ಚಿದ. ಮ್ಯಾನೇಜರ್ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ವರದಿ ಬರೆಸುತ್ತಿದ್ದ. ಮೂಟೆಗಳು ಕೊಳೆತು ಭಾರವಾಗಿದ್ದವು. ಹೊತ್ತವರ ಬೆನ್ನ ಮೇಲೆ ಸೋರಿದವು. ಅವತ್ತು ಮಾತ್ರ ಮೀನಕ್ಕನಿಗೆ ಆ ಸೋರಿಕೆಗೆ ಅಸಹ್ಯವಾಗಲಿಲ್ಲ.

ಪೈಪಿನ ಬಾಯಿಗೆ ಅವಳೇ ಮೊದಲು ಇಳಿದಳು. ಎದೆ ಮಟ್ಟ ಕಪ್ಪು ನೀರು. ಬಾಯಿ ಬಿಗಿದುಕೊಂಡು ಮೊದಲ ಮೂಟೆ ಒತ್ತಿದಳು. ರಭಸಕ್ಕೆ ಅದು ವಾಪಸು ಬಂತು. ಇನ್ನೊಂದನ್ನು ಅಡ್ಡಲಾಗಿ ಇಟ್ಟು ಬೆನ್ನು ಕೊಟ್ಟಳು. ಟೈಲರಮ್ಮ ಇಳಿದಳು. ಹೊಲಿಗೆ ಮೆಷಿನ್ ತುಳಿದು ಗಟ್ಟಿಯಾದ ಕಾಲಿಂದ ಮೂಟೆಯನ್ನು ಒಳಕ್ಕೆ ಒದ್ದಳು. ಒಂದರ ಮೇಲೊಂದು, ಸಂದಿಗೆ ಚಿಂದಿ, ಚಿಂದಿಯ ಮೇಲೆ ಕಲ್ಲು. ಹೊತ್ತು ವಾಲುವಷ್ಟರಲ್ಲಿ ಪೈಪು ಮುಚ್ಚಿತು. ಕೊಳಚೆ ಬರುವುದು ನಿಂತಿತು. ಹೊಳೆಯ ಆ ಜಾಗದಲ್ಲಿ ಸದ್ದೇ ಅಡಗಿತು.

ಈಗ ಕೊಳಚೆಗೆ ಎರಡೇ ದಾರಿ. ಮೆಷಿನ್ನು ಹಾಕಿದರೆ ಅದರ ಪಂಪು ಎತ್ತಿ ತೊಟ್ಟಿಗೆ ಬಿಡುತ್ತದೆ. ಹಾಕದಿದ್ದರೆ ಬಂದ ದಾರಿಯಲ್ಲೇ ವಾಪಸು. ಘಟಕದ ಮೇಲ್ಗಡೆ, ಹಳೇ ಕೆರೆ ಮುಚ್ಚಿ ಕಟ್ಟಿದ ತಗ್ಗಿನಲ್ಲಿ ಇರುವುದು ಯಾರು ಅಂದಿರಿ? ಸಾಹೇಬರುಗಳ ಕಾಲೋನಿ. ಬಿಳಿ ಗೋಡೆ, ಹುಲ್ಲುಹಾಸು, ಗೇಟಿಗೊಬ್ಬ ಕಾವಲುಗಾರ. ಕಾವಲುಗಾರ ಗೇಟು ಕಾಯುತ್ತಲೇ ಇದ್ದ, ಅದು ಕಮೋಡಿನಿಂದ ಬಂತು.

ದೀಪ ಹಚ್ಚುವ ಹೊತ್ತಿಗೆ ಮ್ಯಾನೇಜರ್ ಕೇರಿಗೆ ಓಡಿ ಬಂದ. ಅವನು ಅಲ್ಲಿಗೆ ಬಂದದ್ದೇ ಮೊದಲ ಸಲ. ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಮೂಗಿಗೆ ಕರ್ಚೀಫು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಗೆಯಲು ಕೈ ಖಾಲಿ ಇರಲಿಲ್ಲ. ಜನ ದಾರಿ ಬಿಡಲಿಲ್ಲ. ಅವನೇ ಸಂದಿಯಲ್ಲಿ ತೂರಿಕೊಂಡು ಬಂದ.

"ಅಮ್ಮಾ, ನೀವು ದಯವಿಟ್ಟು ಆ ಮೂಟೆ ತೆಗೆಸಿ. ಕಾಲೋನಿ ತುಂಬ ನುಗ್ಗಿದೆ. ದೊಡ್ಡ ಸಾಹೇಬರ ಬಾತ್‌ರೂಮಲ್ಲಿ ಮೊಣಕಾಲು ಮಟ್ಟ ನಿಂತಿದೆ."

ಇಷ್ಟು ದಿನ 'ಏಯ್' ಅನ್ನುತ್ತಿದ್ದ ಬಾಯಿ. ಎಷ್ಟು ಬೇಗ ಕಲಿತುಕೊಂಡಿತು ನೋಡಿ.

"ಏನು ನಿಂತಿದೆ ಸಾರ್?" ಅಂತ ಕೇಳಿದಳು ಮೀನಕ್ಕ.

"ಅದೇ… ಕೊಳಚೆ."

"ಕೊಳಚೆ ಅಂತೀರಲ್ಲ? ಶುದ್ಧವಾಗಿದೆ ಅಂತ ಮಧ್ಯಾಹ್ನ ಬರೆದುಕೊಂಡ್ರಲ್ಲ. ಸ್ನಾನ ಮಾಡೋಕೆ ಹೇಳಿ ಸಾಹೇಬರಿಗೆ."

ಕೇರಿ ಗೊಳ್ಳೆಂದು ನಕ್ಕಿತು. ಮ್ಯಾನೇಜರ್ ಮುಖ ಕೆಂಪಾಯಿತು. "ಪೊಲೀಸ್ ಕರೆಸ್ತೀನಿ."

"ಕರೆಸಿ," ಅಂದಳು ಟೈಲರಮ್ಮ. "ಎದೆ ಮಟ್ಟ ಇದೆ ಅಲ್ಲಿ. ಮೂಟೆ ಎಳೆಯೋಕೆ ಇಳೀತಾರಾ, ಕೇಳಿಕೊಂಡು ಬನ್ನಿ. ಇಲ್ಲ, ನೀವೇ ಇಳೀರಿ."

ಅವನು ಇಳಿಯುವ ಗಂಡಸೇ? ಕಪ್ಪು ನೀರಿನ ಕಡೆ ಒಂದು ಸಲ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ. ಮೀನಕ್ಕ ಒಳಗೆ ಹೋಗಿ ಆ ಪ್ಲಾಸ್ಟಿಕ್ ಚೀಲ ತಂದಳು. ಕೆಂಪು ಮೀನು ಒಳಗೆ ಸುತ್ತು ಹೊಡೆಯುತ್ತಿತ್ತು. ಅದನ್ನು ಅವನ ಮುಖದ ಮುಂದೆ ಹಿಡಿದಳು.

"ತಗೊಳ್ಳಿ. ದೊಡ್ಡ ಸಾಹೇಬರ ಬಾತ್‌ರೂಮಲ್ಲಿ ಬಿಡಿ. ಮೀನು ಬದುಕಿದ್ರೆ ಇನ್ನೇನು ಸಾಕ್ಷಿ ಬೇಕು? ಮೂಟೆ ನಾವೇ ತೆಗೀತೀವಿ."

ಅವನು ಕೈ ಚಾಚಲಿಲ್ಲ. ಚೀಲದ ನೀರು ತೊಟ್ಟಿಕ್ಕಿ ಅವನ ಬರಿಗಾಲ ಮೇಲೆ ಬಿತ್ತು. ಅವನು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡ.

"ಬೇಡ್ವಾ? ಹಾಗಾದ್ರೆ ಹೋಗಿ ಮೆಷಿನ್ ಹಾಕಿ. ಕುಡಿಯೋ ನೀರಿನ ಲಾರಿ ಕಳಿಸಿ, ಆಮೇಲೆ ಕೇರಿಗೆ ನಲ್ಲಿ ಎಳೆಸಿ. ನಲ್ಲಿ ಬರೋ ತನಕ ಮೂಟೆ ಅಲ್ಲೇ ಇರ್ತವೆ. ಕಟ್ಟಿದವಳು ನಾನೇ, ಬಿಚ್ಚುವವಳೂ ನಾನೇ."

ಅವನು ಹೋದ. ಓಡುವಾಗ ಒಂದು ಬೂಟು ಕೆಸರಲ್ಲಿ ಬಿತ್ತು. ಬಗ್ಗಿ ಎತ್ತಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಸದ್ದು ಕೇಳಿಸಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ಗುಂಯ್ ಅಂತ ಒಂದೇ ಸಮನೆ. ನೆಲ ಸಣ್ಣಗೆ ಅದುರಿತು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಥ ಸದ್ದು ಅಲ್ಲಿ ಯಾರೂ ಕೇಳಿರಲಿಲ್ಲ. ಖಾಲಿ ಕೊಡಗಳು ಜಗಲಿಯ ಮೇಲೆ ಸಾಲಾಗಿ ಕೂತಿದ್ದವು, ನೀರಿನ ಲಾರಿ ಇನ್ನೂ ಬಂದಿರಲಿಲ್ಲ.

"ಏನೇ ಅದು?" ಅಂತ ಕೇಳಿದಳು ಅವ್ವ.

"ಗಾಳಿ ಮೆಷಿನ್ ಅವ್ವಾ. ನೀರು ಚೊಕ್ಕ ಮಾಡೋದು."

"ಹೊಸದಾಗಿ ತಂದ್ರಾ?"

"ಇಲ್ಲ. ಮೊದಲಿಂದಲೂ ಇತ್ತು."

ಅವ್ವ ಒಣಗಿದ ಬಾಯಿಯನ್ನು ನಾಲಿಗೆಯಿಂದ ಸವರಿಕೊಂಡಳು. ಉಗುಳಲು ಬಾಯಲ್ಲಿ ಪಸೆ ಇರಲಿಲ್ಲ. ಆದರೂ ಘಟಕದ ಕಡೆ ಮುಖ ಮಾಡಿ, "ಥೂ" ಅಂದಳು.